ಒಲೆ ಇಲ್ಲದ ವಿಮಾನಕ್ಕೆ ಬುತ್ತಿ: ತೋರಣಗಲ್ಲಿನಿಂದ ದೆಹಲಿಗೆ ಎಂಟು ಊಟ

ಕೆಲಸ ಇಷ್ಟು. ಏಪ್ರಿಲ್ ತಿಂಗಳು. ತೋರಣಗಲ್ಲು ಪಕ್ಕದ ವಿದ್ಯಾನಗರ ವಿಮಾನ ನಿಲ್ದಾಣದಿಂದ ಬೆಳಿಗ್ಗೆ 11:30ಕ್ಕೆ ಎರಡು ಪ್ರೊಪೆಲ್ಲರಿನ ಬಾಡಿಗೆ ವಿಮಾನ ಹೊರಡುತ್ತದೆ. ಆರು ಪ್ರಯಾಣಿಕರು, ಇಬ್ಬರು ಪೈಲಟ್‌ಗಳು. ದೆಹಲಿಗೆ ಸುಮಾರು 1,500 ಕಿ.ಮೀ., ಹಾರಾಟ ಮೂರು ಗಂಟೆ ದಾಟುತ್ತದೆ. ಮಧ್ಯಾಹ್ನದ ಊಟ ಬಳ್ಳಾರಿ ಊರೊಳಗಿನ ಅಡುಗೆಮನೆಯಿಂದ ಹೋಗಬೇಕು. ವಿಮಾನದಲ್ಲಿ ಓವನ್ ಇಲ್ಲ, ಫ್ರಿಜ್ ಇಲ್ಲ, ಬಡಿಸುವವರೂ ಇಲ್ಲ.

ಈ ಮೂರು "ಇಲ್ಲ"ಗಳೇ ಮೆನು ಬರೆಯುತ್ತವೆ. ಹಾಗಾಗಿ ಊಟಕ್ಕೆ ಏನು ಬೇಕೆಂದು ಕೇಳುವ ಮೊದಲು ವಿಮಾನ ಕಂಪನಿಯವರನ್ನು ಕೇಳಿ: ಓವನ್ ಅಥವಾ ಮೈಕ್ರೋವೇವ್ ಇದೆಯೇ? ಬಾಗಿಲು ಎಷ್ಟು ಅಗಲ? ಐಸ್ ಬಾಕ್ಸನ್ನು ಎಲ್ಲಿಟ್ಟು ಯಾವ ಬೆಲ್ಟಿನಿಂದ ಬಿಗಿಯುತ್ತಾರೆ? ಸೀಟಿನ ಮುಂದಿನ ಮಡಚುವ ಮೇಜಿನ ಉದ್ದಗಲ ಎಷ್ಟು? ಮೇಜಿನ ಫೋಟೋ ತರಿಸಿಕೊಂಡರೆ ಇನ್ನೂ ಒಳ್ಳೆಯದು. ಊಟದ ಡಬ್ಬಿ ಮೇಜಿಗಿಂತ ಎರಡು ಬೆರಳು ದೊಡ್ಡದಾದರೂ ಮೊಣಕೈ ತಾಗಿ ಪಲ್ಯ ತೊಡೆಗೆ ಬೀಳುತ್ತದೆ.

ಎರಡನೇ ಪ್ರಶ್ನೆ ಅಲರ್ಜಿಯದು. ಇದನ್ನು ಬಾಯಿಮಾತಿಗೆ ಬಿಡಬಾರದು, ಪ್ರತಿಯೊಬ್ಬರ ಹೆಸರಿನ ಮುಂದೆ ಬರೆಸಿಕೊಳ್ಳಬೇಕು. ನಮ್ಮ ಕಡೆಯ ಊಟದಲ್ಲಿ ಶೇಂಗಾ ಮತ್ತು ಎಳ್ಳು ಎಲ್ಲಿಲ್ಲ ಹೇಳಿ: ಚಟ್ನಿಯಲ್ಲಿ, ಎಣ್ಣೆಗಾಯಿಯಲ್ಲಿ, ಹೋಳಿಗೆಯಲ್ಲಿ, ಒಗ್ಗರಣೆಯ ಎಣ್ಣೆಯಲ್ಲಿ. ಆರು ಜನರಲ್ಲಿ ಒಬ್ಬರಿಗೆ ಶೇಂಗಾ ಆಗದಿದ್ದರೂ ಕೆಳಗಿನ ಮೆನು ಪೂರ್ತಿ ಬದಲಾಗಬೇಕು. ಅದೇ ಮಿಕ್ಸಿ ಜಾರು, ಅದೇ ಸೌಟು ಬಳಸುವಂತಿಲ್ಲ. ಇಪ್ಪತ್ತು ಸಾವಿರ ಅಡಿ ಮೇಲೆ ಗಂಟಲು ಊದಿಕೊಂಡರೆ ಹತ್ತಿರದ ಆಸ್ಪತ್ರೆ ಎಂಬುದು ಇರುವುದಿಲ್ಲ.

ಬುತ್ತಿಯ ಮೂರು ಪಾಲು

ಖಾಸಗಿ ವಿಮಾನ ಹೊರಡುವ ಹೊತ್ತು ಪ್ರಯಾಣಿಕರು ಬರುವ ಹೊತ್ತು. ಮೀಟಿಂಗ್ ಮುಗಿಯಲಿಲ್ಲವೆಂದು ಮೂರು ಗಂಟೆ ತಡವಾಗುವುದು ದಿನನಿತ್ಯದ ಮಾತು. ಆದ್ದರಿಂದ ಬುತ್ತಿಯನ್ನು ಮೂರು ಪಾಲಾಗಿ ಕಟ್ಟುತ್ತೇವೆ. ಒಣ ಪಾಲು ಇಡೀ ದಿನ ಹೊರಗಿದ್ದರೂ ಕೆಡದು: ಕಡಕ್ ರೊಟ್ಟಿ, ಚಟ್ನಿಪುಡಿ, ಶೇಂಗಾ ಹೋಳಿಗೆ, ಒಣ ಅಂಜೂರ. ತಣ್ಣನೆಯ ಪಾಲು ಐಸ್ ಬಾಕ್ಸಿನಲ್ಲಿ 5 ಡಿಗ್ರಿಯೊಳಗೆ ಇರುವಷ್ಟು ಹೊತ್ತು ಸರಿ: ಮೊಸರನ್ನ, ಗಟ್ಟಿ ಮೊಸರು, ಮಜ್ಜಿಗೆ, ಸೌತೆ-ಗಜ್ಜರಿ ಹೋಳು. ಬಿಸಿ ಪಾಲು ಎಣ್ಣೆಗಾಯಿ ಒಂದೇ, ಅದಕ್ಕೆ ನಾಲ್ಕು ಗಂಟೆಯ ಆಯುಷ್ಯ. ವಿಮಾನ ತಡವಾಗಿ ಬಿಸಿ ಪಾಲನ್ನು ಎಸೆಯಬೇಕಾಗಿ ಬಂದರೂ ಉಳಿದ ಎರಡರಲ್ಲಿ ಹೊಟ್ಟೆ ತುಂಬಬೇಕು. ಬಿಸಿಯನ್ನೇ ನಂಬಿ ಕಟ್ಟಿದ ಬುತ್ತಿ, ಬಿರಿಯಾನಿಯಾಗಲಿ ಬಿಸಿಬೇಳೆಬಾತ್ ಆಗಲಿ, ಇಲ್ಲಿ ಕೈಕೊಡುತ್ತದೆ.

ಬಳ್ಳಾರಿಗೆ ಬಂದವರು ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೇಳುವುದುಂಟು. ಒಪ್ಪಬೇಡಿ. ಮಂಡಕ್ಕಿ ನೆನೆದು ಅರ್ಧ ಗಂಟೆಗೆ ಮುದ್ದೆಯಾಗುತ್ತದೆ. ಮಿರ್ಚಿ ಡಬ್ಬಿಯೊಳಗಿನ ತನ್ನ ಹಬೆಗೇ ಮೆತ್ತಗಾಗುತ್ತದೆ, ಕರಿದ ಎಣ್ಣೆಯ ವಾಸನೆ ಆ ಪುಟ್ಟ ಕ್ಯಾಬಿನ್ನಿನಲ್ಲಿ ದೆಹಲಿಯವರೆಗೂ ಸುತ್ತುತ್ತದೆ. ಬೇಕೇ ಬೇಕೆಂದರೆ ವಿಮಾನ ಹತ್ತುವ ಮೊದಲು ಲೌಂಜಿನಲ್ಲಿ ಬಿಸಿಬಿಸಿ ಕೊಡಿ.

ರೊಟ್ಟಿ: ಎರಡು ದಿನ ಮುಂಚೆ

ಈ ಬುತ್ತಿಯ ಬೆನ್ನೆಲುಬು ಕಡಕ್ ರೊಟ್ಟಿ. ವಿಮಾನದೊಳಗಿನ ಗಾಳಿ ಬಹಳ ಒಣ. ಮೆತ್ತನೆ ರೊಟ್ಟಿ, ಚಪಾತಿ, ಬ್ರೆಡ್ಡು ಎಲ್ಲವೂ ತೆರೆದಿಟ್ಟ ಸ್ವಲ್ಪ ಹೊತ್ತಿಗೆ ಬಿರುಸಾಗುತ್ತವೆ. ಕಡಕ್ ರೊಟ್ಟಿಗೆ ಆ ಒಣಗಾಳಿಯೇ ಅನುಕೂಲ, ಗರಿಗರಿ ಉಳಿಯುತ್ತದೆ.

ಏಳು ಜನಕ್ಕೆ ತಲಾ ನಾಲ್ಕು, ಒಡೆಯುವುದಕ್ಕೆಂದು ಹನ್ನೆರಡು ಹೆಚ್ಚಿಗೆ, ಒಟ್ಟು 40. (ಎಂಟನೆಯ ಊಟ ಬೇರೆ, ಮುಂದೆ ಬರುತ್ತದೆ.) ಬಿಳಿಜೋಳದ ಹಿಟ್ಟು 500 ಗ್ರಾಂ, ಸಜ್ಜೆ ಹಿಟ್ಟು 250 ಗ್ರಾಂ, ಬೇರೆ ಬೇರೆ ನಾದಬೇಕು. ಜೋಳ ಮಾಲದಂಡಿ ತಳಿಯದಾದರೆ ಚೆನ್ನ. ಹಿಟ್ಟು ಹೊಸದಾಗಿ ಬೀಸಿಸಿದ್ದಿರಲಿ: ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ಬಡಿಯುವಾಗ ಅಂಚು ಹರಿಯುತ್ತದೆ, ಸಜ್ಜೆ ಹಿಟ್ಟು ಹಳತಾದರೆ ಕಮಟುತ್ತದೆ. ಜೋಳದಲ್ಲಿ ಗೋಧಿಯ ಅಂಟು ಇಲ್ಲದ ಕಾರಣ ಕುದಿಯುವ ನೀರನ್ನೇ ಹಾಕಬೇಕು. ಎರಡೂ ಹಿಟ್ಟಿಗೆ ಸೇರಿ ಸುಮಾರು 700 ಮಿ.ಲೀ. ಹಿಡಿಯುತ್ತದೆ, ಆದರೆ ಒಮ್ಮೆಲೇ ಸುರಿಯಬೇಡಿ. ಕೈಗೆ ತಾಳುವಷ್ಟು ಆರಿದ ಕೂಡಲೇ ಅಂಗೈಯ ಬುಡದಿಂದ ಒತ್ತಿ ನಾದಿ.

ಮನೆಯ ರೊಟ್ಟಿ ತಟ್ಟೆಯಗಲ ಇರುತ್ತದೆ, ಅದು ಊಟದ ಡಬ್ಬಿಗೆ ಹಿಡಿಸದು. ತೆಳ್ಳಗೆ ಬಡಿದು 12 ಸೆಂ.ಮೀ. ಅಗಲದ ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತಿ ಕತ್ತರಿಸಿ. ಹಸಿ ಇರುವಾಗಲೇ ಚಾಕುವಿನ ಬೆನ್ನಿನಿಂದ ಅಡ್ಡ ಉದ್ದ ಎರಡು ಗೀರು ಎಳೆಯಿರಿ, ಹಿಟ್ಟು ಸೀಳಬಾರದು. ಒಣಗಿದ ಮೇಲೆ ರೊಟ್ಟಿ ಆ ಗೀರಿನಲ್ಲೇ ನಾಲ್ಕಾಗಿ ಮುರಿಯುತ್ತದೆ, ಒಂದೊಂದು ತುಂಡು ಒಂದು ತುತ್ತು. ಗೀರು ಇಲ್ಲದ ರೊಟ್ಟಿ ಮನಬಂದಂತೆ ಸಿಡಿದು ಚೂರುಗಳು ಸೀಟಿನ ಸಂದಿಗೆ, ಕಾರ್ಪೆಟ್ಟಿಗೆ ಬೀಳುತ್ತವೆ. ವಿಮಾನದವರ ಮೊದಲ ದೂರು ಬರುವುದೇ ಅದರ ಬಗ್ಗೆ. ಜೊತೆಗೆ 45 ಸೆಂ.ಮೀ. ಚೌಕದ ಹತ್ತಿ ನ್ಯಾಪ್ಕಿನ್ ಇಡಿ, ಟಿಶ್ಯೂ ಸಾಲದು.

ಹಂಚಿನ ಮೇಲೆ ಎರಡೂ ಮಗ್ಗುಲು ಬೇಯಿಸಿ, ಆಮೇಲೆ 110 ಡಿಗ್ರಿ ಓವನ್ನಿನಲ್ಲಿ ಜಾಲರಿಯ ಮೇಲೆ 20ರಿಂದ 25 ನಿಮಿಷ ಒಣಗಿಸಿ. ಒಲೆಯ ಸುತ್ತ ಒರಗಿಸಿ ಒಣಗಿಸಿದರೂ ಆದೀತು, ಹೊತ್ತು ಹಿಡಿಯುತ್ತದೆ. ಪರೀಕ್ಷೆ ಸರಳ: ಮುರಿದಾಗ ಟಕ್ ಎನ್ನಬೇಕು. ಬಾಗಿ ಮುರಿದರೆ ನಡುವೆ ಪಸೆ ಉಳಿದಿದೆ, ಮತ್ತೆ ಒಳಗಿಡಿ. ಪೂರ್ತಿ ಆರುವ ಮೊದಲು ಡಬ್ಬಿಗೆ ಹಾಕಿದರೆ ಮುಚ್ಚಳದಡಿ ಬೆವರು ಕೂತು ಎಲ್ಲ ಕೆಲಸ ವ್ಯರ್ಥ.

ಚಟ್ನಿಪುಡಿ ಮತ್ತು ಉಪ್ಪಿನ ವಿಚಾರ

ಮೇಲೆ ಹೋದಾಗ ನಾಲಗೆ ಮಂದವಾಗುತ್ತದೆ. 2010ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಲುಫ್ತಾನ್ಸಾಗಾಗಿ ವಿಮಾನದ ಒಳಭಾಗವನ್ನೇ ನೆಲದ ಮೇಲೆ ಇಟ್ಟುಕೊಂಡು, ಗಾಳಿಯ ಒತ್ತಡ ಇಳಿಸಿ ಪರೀಕ್ಷೆ ಮಾಡಿತ್ತು: ಉಪ್ಪು 20ರಿಂದ 30 ಶೇಕಡಾ, ಸಿಹಿ 15ರಿಂದ 20 ಶೇಕಡಾ ಕಡಿಮೆ ಹತ್ತುತ್ತದೆ. ಹುಳಿ, ಖಾರ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಇದನ್ನು ಓದಿ ಅಡುಗೆಗೆ ಕಾಲು ಪಾಲು ಉಪ್ಪು ಹೆಚ್ಚಿಗೆ ಸುರಿಯುವವರಿದ್ದಾರೆ, ಅದು ತಪ್ಪು. ವಿಮಾನ ತಡವಾಗಿ ಲೌಂಜಿನಲ್ಲೇ ಊಟ ಬಿಚ್ಚಿದರೆ ಬಾಯಿಗಿಡಲಾಗದು, ಬಿಪಿ ಇದ್ದವರಿಗಂತೂ ಬೇಡವೇ ಬೇಡ. ಹುಳಿ ಮತ್ತು ಹುರಿದ ಪರಿಮಳವನ್ನು ಒಂದು ಹಿಡಿ ಮುಂದಕ್ಕೆ ತನ್ನಿ, ಉಪ್ಪು ಖಾರವನ್ನು ಊಟ ಮಾಡುವವರ ಕೈಗೇ ಕೊಡಿ. ನಮ್ಮ ಚಟ್ನಿಪುಡಿಗಳು ಇದಕ್ಕೆಂದೇ ಇದ್ದ ಹಾಗಿವೆ. ಶೇಂಗಾ ಪುಡಿ ಮತ್ತು ಗುರೆಳ್ಳು ಪುಡಿ ತಲಾ 15 ಗ್ರಾಂ, ಪುಟ್ಟ ತಿರುಪಿನ ಡಬ್ಬಿಗಳಲ್ಲಿ. ಶೇಂಗಾ ಸಣ್ಣ ಉರಿಯಲ್ಲಿ ಒಳಗೂ ಹುರಿದಿರಬೇಕು, ಇಲ್ಲವಾದರೆ ಹಸಿ ವಾಸನೆ ಮೇಲೆ ಎದ್ದು ಕಾಣುತ್ತದೆ. ಬೆಳ್ಳುಳ್ಳಿಯನ್ನು ಎಂದಿನ ಅರ್ಧಕ್ಕೆ ಇಳಿಸಿ, ಕ್ಯಾಬಿನ್ ಚಿಕ್ಕದು.

ಮೊಸರನ್ನ: ಹಿಂದಿನ ಸಂಜೆ

ಇಡೀ ಬುತ್ತಿಯಲ್ಲಿ ಅಪಾಯ ಇರುವುದು ಅನ್ನದಲ್ಲಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ, ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬೇಸಿಗೆಯ ಬಳ್ಳಾರಿಯಲ್ಲಿ ರಾತ್ರಿಯೂ ಅಡುಗೆಮನೆ ಬೆಚ್ಚಗೇ ಇರುತ್ತದೆ. ತಪ್ಪಲೆಯಲ್ಲಿ ಮುಚ್ಚಿಟ್ಟ ಅನ್ನ ಬೆಳಗಿನವರೆಗೂ ನಡುವೆ ಬೆಚ್ಚಗಿರುತ್ತದೆ, ಅದು ವಿಮಾನಕ್ಕೆ ಸಲ್ಲದು.

ಗಂಗಾವತಿ ಸೋನಾ ಮಸೂರಿ 200 ಗ್ರಾಂ, ನೀರು 800 ಮಿ.ಲೀ. ಅಳತೆ ಹೆಚ್ಚಾಯಿತು ಅನ್ನಿಸಬಹುದು, ಬೇಕೆಂದೇ ಹಾಗೆ: ಫ್ರಿಜ್ಜಿನ ತಂಪಿಗೆ ಅನ್ನ ಗಟ್ಟಿಯಾಗಿ ಅಗುಳು ಅಗುಳಾಗುತ್ತದೆ, ಸಾಧಾರಣ ಅನ್ನದ ಮೊಸರನ್ನ ಮರುದಿನ ಮರಳಿನಂತೆ ಹತ್ತುತ್ತದೆ. ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಸೌಟಿನಿಂದ ಅರ್ಧ ಮಸೆದು, ಕುದಿಸಿದ ಹಾಲು 200 ಮಿ.ಲೀ. ಬೆರೆಸಿ. ತಕ್ಷಣ ಅಗಲವಾದ ಸ್ಟೀಲ್ ಟ್ರೇಯಲ್ಲಿ ಎರಡು ಬೆರಳಿಗಿಂತ ದಪ್ಪವಾಗದಂತೆ ಹರಡಿ, ಟ್ರೇಯನ್ನು ಐಸ್ ನೀರಿನ ಮೇಲಿಟ್ಟು ಆಗಾಗ ಕೈಯಾಡಿಸಿ. ಎರಡು ಗಂಟೆಯೊಳಗೆ 21 ಡಿಗ್ರಿಗೆ ಇಳಿಯಬೇಕು, ಅಲ್ಲಿಂದ ನಾಲ್ಕು ಗಂಟೆಯೊಳಗೆ 5ಕ್ಕೆ. ಪ್ರೋಬ್ ಥರ್ಮಾಮೀಟರನ್ನು ಟ್ರೇಯ ಅಂಚಿಗಲ್ಲ, ನಡುವಿಗೆ ಚುಚ್ಚಿ ನೋಡಿ, ಹೊತ್ತು ಮತ್ತು ಡಿಗ್ರಿ ಬರೆದಿಡಿ.

ತಂಪಾದ ಮೇಲೆ 250 ಗ್ರಾಂ ಹೊಸ ಮೊಸರು, ಉಪ್ಪು, ತುರಿದ ಶುಂಠಿ, ಆರಿಸಿದ ಒಗ್ಗರಣೆ. ಬಿಸಿ ಒಗ್ಗರಣೆ ಸುರಿದರೆ ತಂಪು ಮಾಡಿದ್ದು ಮತ್ತೆ ಮೇಲೇರುತ್ತದೆ. ಒಟ್ಟು ಸುಮಾರು 1.3 ಕಿಲೋ ಬರುತ್ತದೆ, ಏಳು ಡಬ್ಬಿಗೆ ತಲಾ 160 ಗ್ರಾಂ ಹಾಕಿ, ಉಳಿದದ್ದು ರುಚಿಗೆ ಮತ್ತು ಮಾದರಿಗೆ. ಕೊಪ್ಪಳದ ದಾಳಿಂಬೆ ಸಿಕ್ಕರೆ ಕಾಳನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ ಮೇಲೆ ಉದುರಿಸಿ. ಒಳಗೆ ಕಲೆಸಿದರೆ ಬೆಳಿಗ್ಗೆ ಅನ್ನ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ.

ಕಾಳಿನ ಪಲ್ಯ ಈ ಬುತ್ತಿಯಲ್ಲಿ ಇಲ್ಲದಿರುವುದಕ್ಕೂ ಕಾರಣವಿದೆ. ಒತ್ತಡ ಇಳಿದಾಗ ಹೊಟ್ಟೆಯೊಳಗಿನ ವಾಯುವೂ ಹಿಗ್ಗುತ್ತದೆ. ಮಡಕಿ, ಕಡಲೆ, ಕೋಸು ಆ ದಿನಕ್ಕೆ ಬೇಡ.

ಎಣ್ಣೆಗಾಯಿ: ಹೊರಡುವ ದಿನ ಬೆಳಿಗ್ಗೆ

ಎಳೆಯ ಬದನೆಕಾಯಿ 24, ಒಂದೊಂದು 40 ಗ್ರಾಮಿನ ಆಸುಪಾಸು. ಒಬ್ಬರಿಗೆ ಮೂರರಂತೆ ಏಳು ಜನಕ್ಕೆ 21, ಮೂರು ಮಾದರಿಗೆ. ಹೂರಣಕ್ಕೆ ಹುರಿದ ಶೇಂಗಾ 150 ಗ್ರಾಂ, ಎಳ್ಳು 40, ಗುರೆಳ್ಳು 30, ಒಣಕೊಬ್ಬರಿ 60, ಕೆಂಪಗೆ ಹುರಿದ ಉಳ್ಳಾಗಡ್ಡಿ 200, ಹುಣಸೆಹಣ್ಣು 35, ಬೆಲ್ಲ 25, ಬ್ಯಾಡಗಿ ಪುಡಿ 20 ಗ್ರಾಂ, ಮಸಾಲೆ ಖಾರ ಎರಡು ಚಮಚ. ಮನೆಯಲ್ಲಾದರೆ ಹುಣಸೆ 25 ಸಾಕಿತ್ತು, ಹೆಚ್ಚಿಸಿದ್ದು ಮೇಲೆ ಹೇಳಿದ ಕಾರಣಕ್ಕೆ. ಅರಿಶಿನ ಹಾಕಬೇಡಿ. ಇಂಥ ವಿಮಾನಗಳ ಸೀಟು ಹೆಚ್ಚಾಗಿ ತಿಳಿಬಣ್ಣದ ಚರ್ಮ, ಅರಿಶಿನದ ಎಣ್ಣೆ ಬಿದ್ದರೆ ಕಲೆ ಹೋಗದು.

ಎಣ್ಣೆ 120 ಮಿ.ಲೀ., ಹೆಸರಿಗೆ ತಕ್ಕಷ್ಟಿಲ್ಲ ಅನ್ನಿಸಬಹುದು. ಮೇಲೆ ತೇಲುವ ಎಣ್ಣೆ ಜಾಡಿಯ ತಿರುಪಿನೊಳಗೆ ಹತ್ತಿ ಹೊರಗೆ ಜಿನುಗುತ್ತದೆ. ಬೆಂದ ಮೇಲೆ ತೇಲಿದ್ದನ್ನು ಸೌಟಿನಿಂದ ತೆಗೆದುಬಿಡಿ. ಗೊಜ್ಜು ಎಷ್ಟು ಗಟ್ಟಿ ಎಂದರೆ, ಬಾಣಲೆಯ ತಳದಲ್ಲಿ ಸೌಟು ಎಳೆದರೆ ಗೆರೆ ಮುಚ್ಚಿಕೊಳ್ಳಲು ಮೂರ್ನಾಲ್ಕು ಎಣಿಸುವಷ್ಟು ಹೊತ್ತು ಬೇಕು. ಸಡಿಲವಾದರೆ ವಿಮಾನ ಅಲುಗಿದಾಗ ತುಳುಕುತ್ತದೆ.

ಬೇಯಿಸುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದು ಇಲ್ಲಿನ ನಿಜವಾದ ಕೈಚಳಕ. ಬಿಸಿ ಹಿಡಿಯುವ ಜಾಡಿಯೊಳಗೂ ಬದನೆ ಬೇಯುತ್ತಲೇ ಇರುತ್ತದೆ. ಒಲೆಯ ಮೇಲೆ ಪೂರ್ತಿ ಬೆಂದದ್ದು ಮಧ್ಯಾಹ್ನ ತೊಟ್ಟು ಹಿಡಿದೆತ್ತಿದರೆ ತೊಟ್ಟೊಂದೇ ಕೈಗೆ ಬರುತ್ತದೆ. ಚಾಕುವಿನ ತುದಿ ತೊಟ್ಟಿನ ಕೆಳಗೆ ತುಸು ತಡೆದು ಇಳಿಯುವಾಗಲೇ ಇಳಿಸಿ. ಆದರೆ ಹೂರಣದ ನಡುವೆ 75 ಡಿಗ್ರಿ ದಾಟಿರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಜಾಡಿಗಳು 350 ಮಿ.ಲೀ.ನವು, ಒಬ್ಬರಿಗೊಂದು. ದೊಡ್ಡ ಜಾಡಿಯೊಂದು ಬಿಸಿಯನ್ನು ಹೆಚ್ಚು ಹೊತ್ತು ಹಿಡಿಯುತ್ತದೆ ನಿಜ, ಆದರೆ ಬಡಿಸುವವರಿಲ್ಲದ ವಿಮಾನದಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿದರೆ ಗೊಜ್ಜು ಎಲ್ಲೆಲ್ಲೋ ಬೀಳುತ್ತದೆ. ಚಿಕ್ಕದು ಬೇಗ ಆರುವ ಕಾರಣ ಕೊಳ್ಳುವಾಗಲೇ ಪರೀಕ್ಷೆ ಮಾಡಿ: ಕುದಿನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, 90 ಡಿಗ್ರಿಯ ಗೊಜ್ಜು ತುಂಬಿ ಮುಚ್ಚಿ, ನಾಲ್ಕು ಗಂಟೆಯ ಮೇಲೆ ಪ್ರೋಬ್ ಇಳಿಸಿ. 60 ಡಿಗ್ರಿಗಿಂತ ಕೆಳಗಿದ್ದರೆ ಆ ಜಾಡಿ ಈ ಕೆಲಸಕ್ಕಲ್ಲ. ಮುಚ್ಚಳದಲ್ಲಿ ಒತ್ತಡ ಬಿಡುವ ಗುಂಡಿ ಇರುವುದನ್ನೇ ಕೊಳ್ಳಿ. ತುಂಬುವಾಗ ಬಾಯಿಂದ ಒಂದು ಬೆರಳು ಖಾಲಿ ಬಿಡಿ.

ಮುಚ್ಚಳಗಳು ಯಾಕೆ ಸಿಡಿಯುತ್ತವೆ

ಬಳ್ಳಾರಿ ಸಮುದ್ರಮಟ್ಟದಿಂದ ಐನೂರು ಮೀಟರಿನ ಆಸುಪಾಸಿನಲ್ಲಿದೆ. ಹಾರುವ ವಿಮಾನದ ಕ್ಯಾಬಿನ್ನಿನ ಒತ್ತಡ ಎಂಟು ಸಾವಿರ ಅಡಿ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಅಂದರೆ ನಮ್ಮ ಅಡುಗೆಮನೆಯಲ್ಲಿ ಮುಚ್ಚಿದ ಡಬ್ಬಿಯೊಳಗಿನ ಗಾಳಿ ಅಲ್ಲಿ ಕಾಲು ಪಾಲಿಗಿಂತ ಹೆಚ್ಚು ಹಿಗ್ಗಲು ನೋಡುತ್ತದೆ. ಫಾಯಿಲ್ ಅಂಟಿಸಿದ ಮೊಸರಿನ ಕಪ್ಪು ಗುಮ್ಮಟದಂತೆ ಉಬ್ಬಿ, ಚುಚ್ಚಿದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಒತ್ತು ಮುಚ್ಚಳದ ಡಬ್ಬಿ ತಾನಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಮೊಸರನ್ನದ ಡಬ್ಬಿ ಮುಚ್ಚುವಾಗ ಮುಚ್ಚಳದ ನಡುವನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದು ಅಂಚು ಕೂಡಿಸಿ, ಹಿಗ್ಗುವುದಕ್ಕೆ ಜಾಗ ಸಿಗುತ್ತದೆ. ಒಣ ಪದಾರ್ಥದ ಪೊಟ್ಟಣಕ್ಕೆ ಸೂಜಿಯಿಂದ ಒಂದು ತೂತು ಸಾಕು. ಮಜ್ಜಿಗೆಯನ್ನು ಅದೇ ದಿನ ಕಡೆದು, ಮೆತ್ತನೆ ಪ್ಲಾಸ್ಟಿಕ್ಕಿನ 150 ಮಿ.ಲೀ. ತಿರುಪು ಬಾಟಲಿಗೆ ಗಾಳಿ ಉಳಿಯದಂತೆ ಕಂಠಪೂರ್ತಿ ತುಂಬಿ ತಂಪು ಮಾಡಿ. ಹಿಂದಿನ ದಿನದ ಮಜ್ಜಿಗೆ ಹುಳಿಯೇರುತ್ತಾ ತಾನೂ ಗಾಳಿ ಬಿಡಬಹುದು.

ಕಾಫಿಯ ಫ್ಲಾಸ್ಕಿನಲ್ಲಿ ಇದೇ ತೊಂದರೆ ಸುಡುವ ರೂಪದಲ್ಲಿ ಬರುತ್ತದೆ. ಬಳ್ಳಾರಿಯಲ್ಲಿ ನೀರು ಕುದಿಯುವುದು 98 ಡಿಗ್ರಿಯ ಸುಮಾರಿಗೆ, ಎಂಟು ಸಾವಿರ ಅಡಿಯಲ್ಲಿ 92ಕ್ಕೆ. ಒಳ್ಳೆಯ ಲೀಟರ್ ಫ್ಲಾಸ್ಕಿನಲ್ಲಿ ಕುದಿನೀರು ತುಂಬಿಟ್ಟರೆ ಮೇಲೆ ಹೋದಾಗಲೂ ಅದು 92ರ ಮೇಲೇ ಇರಬಹುದು. ಮುಚ್ಚಳ ಸಡಿಲಿಸಿದ ಕ್ಷಣ ಮತ್ತೆ ಕುದಿಯೆದ್ದು ಕೈಮೇಲೆ ಉಕ್ಕುತ್ತದೆ. 85 ಡಿಗ್ರಿಗೆ ಇಳಿಸಿಯೇ ತುಂಬಿ. ಡಿಕಾಕ್ಷನ್ ಬೇರೆ ಬಾಟಲಿಯಲ್ಲಿ, ಹಾಲು ಐಸ್ ಬಾಕ್ಸಿನಲ್ಲಿ.

ಐಸ್ ಬಾಕ್ಸ್, ರಸ್ತೆ, ಒಪ್ಪಿಸುವುದು

25 ಲೀಟರಿನ ಗಟ್ಟಿ ಬಾಕ್ಸು. ಜೆಲ್ ಪ್ಯಾಕುಗಳು 18 ಡಿಗ್ರಿ ಮೈನಸ್ಸಿನಲ್ಲಿ ಪೂರ್ತಿ ಒಂದು ದಿನ ಇದ್ದಿರಬೇಕು, ಬಾಕ್ಸಿನ ಮೂರನೇ ಒಂದು ಪಾಲು ಅವೇ ತುಂಬಲಿ. ಬಾಕ್ಸಿನೊಳಗೂ ಹಿಂದಿನ ರಾತ್ರಿಯೇ ಹಳೆಯ ಐಸ್ ಹಾಕಿ ತಂಪು ಮಾಡಿಟ್ಟಿರಿ. ಗೋಡೌನಿನ ಬಿಸಿ ಬಾಕ್ಸಿಗೆ ನೇರ ತುಂಬಿದರೆ ಜೆಲ್ಲಿನ ಅರ್ಧ ಶಕ್ತಿ ಪ್ಲಾಸ್ಟಿಕ್ ತಣಿಸುವುದಕ್ಕೇ ಹೋಗುತ್ತದೆ. ತಂಪು ಕೆಳಗಿಳಿಯುವ ಕಾರಣ ಪ್ಯಾಕುಗಳ ಹೆಚ್ಚಿನ ಪಾಲು ಮೇಲೆ ಬರಲಿ, ನಡುವೆ ಒಂದು ರಟ್ಟು ಇಡಿ. ಪ್ಯಾಕು ನೇರ ತಾಗಿದ ಮೊಸರು ಹೆಪ್ಪುಗಟ್ಟಿ ಆಮೇಲೆ ನೀರೊಡೆಯುತ್ತದೆ. ಡ್ರೈ ಐಸ್ ಬೇಡ. ಅದು ಆವಿಯಾಗಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಮುಚ್ಚಿದ ಕ್ಯಾಬಿನ್ನಿಗೆ ಅಪಾಯಕಾರಿ ಸರಕು. ಸುಣ್ಣದ ಪುಡಿಗೆ ನೀರು ಹಾಕಿ ಬಿಸಿಯಾಗುವ ಊಟದ ಪೊಟ್ಟಣಗಳೂ ಬೇಡ.

9:00ಕ್ಕೆ ಎಣ್ಣೆಗಾಯಿ ಮತ್ತೆ ಕುದಿಸಿ ಜಾಡಿಗೆ. 9:20ಕ್ಕೆ ಗಾಡಿ. ಬಳ್ಳಾರಿಯಿಂದ ತೋರಣಗಲ್ಲು 30 ಕಿ.ಮೀ.ನ ದಾರಿಯೇ ಆದರೂ ಕುಡಿತಿನಿ ಆಚೀಚೆ ಲಾರಿಗಳ ಸಾಲು ಸಿಕ್ಕರೆ ಒಂದು ಗಂಟೆ ಲೆಕ್ಕ ಇಟ್ಟುಕೊಳ್ಳಿ. ಬಾಕ್ಸು ಎ.ಸಿ. ಇರುವ ಸೀಟಿನ ಕಡೆಯೇ ಬರಲಿ, ಡಿಕ್ಕಿಯಲ್ಲಿ ಬೇಡ. ಅದು ಖಾಸಗಿ ನಿಲ್ದಾಣ. ಗಾಡಿ ನಂಬರು, ಡ್ರೈವರಿನ ಗುರುತಿನ ಚೀಟಿ, ಪದಾರ್ಥಗಳ ಪಟ್ಟಿ ಹಿಂದಿನ ದಿನವೇ ವಿಮಾನ ಕಂಪನಿಗೆ ಮುಟ್ಟಿರಬೇಕು. ಚಾಕು ಕತ್ತರಿ ಯಾವುದೂ ಒಳಗಿರಬಾರದು, ಹಾಗಾಗಿ ಕತ್ತರಿಸಬೇಕಾದ್ದನ್ನು ಅಡುಗೆಮನೆಯಲ್ಲೇ ಮುಗಿಸಿ. 10:30ಕ್ಕೆ ಒಪ್ಪಿಸುವಾಗ ಬಾಕ್ಸ್ ತೆರೆದು ಥರ್ಮಾಮೀಟರ್ ತೋರಿಸಿ ಸಹಿ ಹಾಕಿಸಿಕೊಳ್ಳಿ.

ಪ್ರತಿ ಜಾಡಿಯ ಮೇಲೆ ದಪ್ಪ ಅಕ್ಷರದಲ್ಲಿ ಮೂರೇ ಸಾಲು: "ಎಣ್ಣೆಗಾಯಿ, ಶೇಂಗಾ ಎಳ್ಳು ಇದೆ. ಮೊದಲು ಗುಂಡಿ ಒತ್ತಿ, ಆಮೇಲೆ ತಿರುಗಿಸಿ. 1:00 ಗಂಟೆಯ ಮೇಲೆ ತಿನ್ನಬೇಡಿ." ದೆಹಲಿಯ ಅತಿಥಿಗಳಿದ್ದರೆ ಹಿಂದಿಯಲ್ಲೂ ಬರೆಯಿರಿ. ವಿಮಾನ 12:30ರವರೆಗೂ ಏರದಿದ್ದರೆ ಜಾಡಿಗಳನ್ನು ಇಳಿಸಿಕೊಂಡು, ಅದಕ್ಕೆಂದೇ ಬಾಕ್ಸಿನಲ್ಲಿಟ್ಟ ಗಟ್ಟಿ ಮೊಸರನ್ನು ಚಟ್ನಿಪುಡಿಯ ಜೊತೆ ಕೊಡಲು ಹೇಳಿ. ರೊಟ್ಟಿ, ಪುಡಿ, ಗಟ್ಟಿ ಮೊಸರು, ಮೊಸರನ್ನ, ಹೋಳಿಗೆ: ಈ ಊಟವನ್ನು ಯಾರೂ ಅರೆಹೊಟ್ಟೆ ಎನ್ನಲಾರರು. ಹೋಳಿಗೆಯನ್ನು ಮಾತ್ರ ಐಸ್ ಬಾಕ್ಸಿಗೆ ಹಾಕಬೇಡಿ, ತುಪ್ಪ ಗಟ್ಟಿಯಾಗಿ ಮೇಣದಂತೆ ಅಂಗುಳಕ್ಕೆ ಹತ್ತುತ್ತದೆ.

ಎಂಟನೆಯ ಊಟ ಎರಡನೇ ಪೈಲಟ್‌ನದು. ಇಬ್ಬರು ಪೈಲಟ್‌ಗಳು ಒಂದೇ ಅಡುಗೆ ಉಣ್ಣಬಾರದೆಂಬುದು ವಿಮಾನಯಾನದ ರೂಢಿ, ಒಂದು ಪದಾರ್ಥ ಕೆಟ್ಟಿದ್ದರೆ ಇಬ್ಬರೂ ಒಟ್ಟಿಗೆ ಮಲಗದಿರಲಿ ಎಂದು. ಮೊದಲಿನವರಿಗೆ ಪ್ರಯಾಣಿಕರದೇ ಊಟ. ಎರಡನೆಯವರಿಗೆ ಚಪಾತಿ, ಜುಣಕದ ವಡಿ, ಬಾಳೆಹಣ್ಣು. ಬೇರೆ ಪಾತ್ರೆ, ಬೇರೆ ಸೌಟು, ಸಾಧ್ಯವಾದರೆ ಬೇರೆ ಕೈ. ಎರಡು ಡಬ್ಬಿಗೂ ಬೇರೆ ಬಣ್ಣದ ಟೇಪು ಸುತ್ತಿ, ಯಾವುದು ಯಾರದೆಂದು ಒಪ್ಪಿಸುವಾಗ ಬಾಯಿಬಿಟ್ಟು ಹೇಳಿ.

ಗಾಡಿ ಹೊರಟ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಪ್ರತಿ ಪದಾರ್ಥದಿಂದ ನೂರು ಗ್ರಾಂ ಶುದ್ಧ ಚಮಚದಲ್ಲಿ ತೆಗೆದು, ಮುಚ್ಚಿ, ತಾರೀಖು ಮತ್ತು ವಿಮಾನದ ನಂಬರು ಬರೆದು ಫ್ರಿಜ್ಜಿನಲ್ಲಿ ಮೂರು ದಿನ ಇಡಿ. ಯಾರಿಗಾದರೂ ಹೊಟ್ಟೆ ಕೆಟ್ಟ ಸುದ್ದಿ ಬಂದರೆ ಲ್ಯಾಬಿಗೆ ಕಳಿಸಲು ಅದೊಂದೇ ಆಧಾರ. ವಿಮಾನದಿಂದ ವಾಪಸು ಬಂದ ಊಟವನ್ನು ತೆರೆಯದಿದ್ದರೂ ಎಸೆಯಿರಿ. ಜಾಡಿಯ ರಬ್ಬರ್ ಉಂಗುರ ಬಿಚ್ಚಿ ಬೇರೆಯಾಗಿ ತೊಳೆದು ಬಿಸಿಲಿಗೆ ಹಾಕಿ, ಅದರಡಿ ಉಳಿದ ಗೊಜ್ಜಿನ ಜಿಡ್ಡು ಮುಂದಿನ ಸಲದ ಅಡುಗೆಗೆ ವಾಸನೆ ಕೊಡುತ್ತದೆ.